ತಿಮ್ಮ ಬೇಗ ಹಣ್ಣಾಗದಿರಲಿ

ಒಬ್ಬನ ಅಭಿಮಾನಿ ಎಂದು ಹೇಳಿಕೊಂಡು ತಿರುಗುವವನು ಅವನಿಗೆ ಒಳ್ಳೆಯದಾಗಲಿ ಎಂದು ಬಯಸಬೇಕು, ಇದು ಲೋಕದ ರೂಢಿ. ಈ ರೂಢಿಯನ್ನು ನಾನು ಕೆಲವು ವರ್ಷಗಳಿಂದ ಸದ್ದಿಲ್ಲದೆ ಮುರಿಯುತ್ತ ಬಂದಿದ್ದೇನೆ. ರಷ್ಯಾದಲ್ಲಿ ಐಸ್ ಹಾಕಿ ಆಡುವ ತಿಮೊಫೇ ಎಂಬ ಹುಡುಗನ ಕಟ್ಟಾ ಅಭಿಮಾನಿ ನಾನು. ಅವನ ಆಟವಿದೆ ಎಂದು ಮದುವೆಯ ಪಂಕ್ತಿಯಿಂದ ಎರಡನೆಯ ಹೋಳಿಗೆ ಬರುವ ಮೊದಲೇ ಎದ್ದು ಬಂದವನು. ಆದರೂ ಅವನು ತೀರ ಚೆನ್ನಾಗಿ ಆಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಎರಡು ಸಲ ಜಾರಿ ಬಿದ್ದು, ಗೋಲು ತಪ್ಪಿಸಿ, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರೆ ಆ ರಾತ್ರಿ ಗಾಢ ನಿದ್ದೆ. ಇದಕ್ಕೆ ಕಾರಣವಿದೆ, ಹೇಳಲು ಸ್ವಲ್ಪ ಸುತ್ತಿ ಬರಬೇಕು.

ನಮ್ಮ ನವಲಗುಂದದಲ್ಲಿ ಮಂಜುಗಡ್ಡೆ ಎಂದರೆ ಶರಬತ್ತಿನ ಗಾಡಿಯವನು ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಬೇಕಾದಷ್ಟು ಒಡೆದು ಗ್ಲಾಸಿಗೆ ಹಾಕುವ ಪದಾರ್ಥ. ಅದರ ಮೇಲೆ ಜನ ನಿಲ್ಲುತ್ತಾರೆ, ಓಡುತ್ತಾರೆ, ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುತ್ತಾರೆ ಎಂಬುದು ಭೂಗೋಳ ಕಲಿಸುತ್ತಲೇ ನಿವೃತ್ತನಾದ ನನಗೂ ಪೂರ್ತಿ ನಂಬಿಕೆಯಾಗಿರಲಿಲ್ಲ. ಮೊದಲ ದಿನ ಗೆಳೆಯ ಚೆನ್ನಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಚೆಂಡ ಎಲ್ಲೈತಿ ಲೇ ಮಾಸ್ತರ?" ಚೆಂಡಿಲ್ಲ, ಬೆಲ್ಲದ ಅಚ್ಚಿನಷ್ಟು ದಪ್ಪದ ಕಪ್ಪು ಬಿಲ್ಲೆಯೊಂದಿದೆ ಎಂದೆ. "ಅದಾದ್ರೂ ಎಲ್ಲೈತಿ?" ಎಂದ. ಅದು ನನಗೂ ಕಂಡಿರಲಿಲ್ಲ. ಈಗಲೂ ಹತ್ತರಲ್ಲಿ ಆರು ಸಲ ಕಾಣುವುದಿಲ್ಲ. ಆಟಗಾರರು ಕೈ ಎತ್ತಿ ಅಪ್ಪಿಕೊಂಡಾಗ ಗೋಲು ಆಯಿತೆಂದು ತಿಳಿದುಕೊಳ್ಳುತ್ತೇವೆ.

ಚೆನ್ನಪ್ಪ ನನ್ನ ಜೊತೆ ಪಾಟಿ ಹಿಡಿದು ಸಾಲಿಗೆ ಬಂದವನು. ಹರೆಯದಲ್ಲಿ ಕುಸ್ತಿ ಹಿಡಿದು, ಮೊಣಕಾಲು ಕೆಟ್ಟ ಮೇಲೆ ಬೀಜ ಗೊಬ್ಬರದ ಅಂಗಡಿ ಇಟ್ಟ. ಮೂರನೆಯವನು ಕುಲಕರ್ಣಿ. ಕುಂದಗೋಳದವನು, ಇಲ್ಲಿಯ ಕಾಲೇಜಿಗೆ ಗ್ರಂಥಪಾಲಕನಾಗಿ ಬಂದು ಇಲ್ಲೇ ಉಳಿದ. ಹಾಡಲು ಬಾರದು, ಆದರೆ ಹಾಡುವವರನ್ನು ಹತ್ತು ಹದಿನೈದು ವರ್ಷ ಬೆನ್ನುಹತ್ತಿ ಕೇಳುವುದು ಅವನ ಊರಿನ ಗುಣ. ಎಳೆಯ ಗಾಯಕ ಕುಳಿತ ಮೊದಲ ಕಛೇರಿಯಿಂದ ಹಿಡಿದು ಅವನ ದನಿ ಒಡೆದದ್ದು, ಮತ್ತೆ ಕೂಡಿದ್ದು, ಗುರುವಿನ ನಕಲು ಬಿಟ್ಟು ಸ್ವಂತ ತಾನ ಹಾಕಿದ್ದು, ಎಲ್ಲ ಅವನಿಗೆ ಬಾಯಿಪಾಠ. ನಾವು ಮೂವರು ಸಂಜೆ ಅಂಗಡಿಯ ಹಿಂದಿನ ಖೋಲಿಯಲ್ಲಿ, ಯೂರಿಯಾ ಚೀಲಗಳ ಮಗ್ಗುಲಿಗೆ ಜಮಖಾನ ಹಾಸಿಕೊಂಡು, ಫೋನನ್ನು ಚೀಲಕ್ಕೆ ಆನಿಸಿಟ್ಟು ರಷ್ಯಾ ನೋಡುತ್ತಿದ್ದೆವು.

ಇದು ಶುರುವಾದದ್ದು ಹೇಗೆಂದರೆ ಮೂರು ಉತ್ತರಗಳಿವೆ. ನನ್ನ ಪ್ರಕಾರ ಬೀಜ ಬಿದ್ದದ್ದು ಸಾಲಿಯಲ್ಲಿ. ಆಗ ರಷ್ಯಾದಿಂದ ನುಣುಪು ಕಾಗದದ ಮಾಸಪತ್ರಿಕೆ ಬರುತ್ತಿತ್ತು. ಓದಲಿಕ್ಕಲ್ಲ, ಪುಸ್ತಕಕ್ಕೆ ರಟ್ಟು ಹಾಕಲಿಕ್ಕೆ. ನನ್ನ ಗಣಿತದ ಪುಸ್ತಕದ ಮೇಲೆ ಕೆಂಪು ಅಂಗಿಯ ಹಾಕಿ ಆಟಗಾರನಿದ್ದ, ಮುಂದಿನ ಹಲ್ಲು ಇರಲಿಲ್ಲ, ನಗುತ್ತಿದ್ದ. "ಅಂವ ನನ್ನ ಪುಸ್ತಕದ ಮ್ಯಾಲಿದ್ದ. ನಿನ್ನ ಪುಸ್ತಕದ ಮ್ಯಾಲೆ ಟ್ರ್ಯಾಕ್ಟರ್ ಇತ್ತಲೇ," ಎನ್ನುತ್ತಾನೆ ಚೆನ್ನಪ್ಪ. ಅವನು ಅಂದ ಮೇಲೆ ನನಗೂ ಟ್ರ್ಯಾಕ್ಟರ್ ಕಾಣತೊಡಗಿದೆ, ಅದರ ಮೇಲೆ ತಲೆವಸ್ತ್ರ ಕಟ್ಟಿದ ಹೆಣ್ಣುಮಗಳು ಕೂಡ. ಹಾಗಿದ್ದರೆ ಹಲ್ಲಿಲ್ಲದವನ ನಗೆ ನನಗೆ ಗೊತ್ತಾದದ್ದು ಹೇಗೆ? ಕುಲಕರ್ಣಿಯ ಪ್ರಕಾರ ಇದೆಲ್ಲ ಬೊಗಳೆ. ಅವನ ಫೋನಿನಲ್ಲಿ ಒಂದು ಠುಮರಿ ಮುಗಿದ ಮೇಲೆ ಯಾವ ಕಾರಣವೂ ಇಲ್ಲದೆ ತಿಮೊಫೇ ತಾನಾಗಿ ಬಂದ, ಅಷ್ಟೇ. ಇದೇ ನಿಜವಿರಬೇಕು, ಯಾಕೆಂದರೆ ಇದರಲ್ಲಿ ಚೆಂದ ಏನೂ ಇಲ್ಲ.

ನನ್ನ ನೆನಪಿನ ಯೋಗ್ಯತೆಗೆ ಇನ್ನೊಂದು ಸಾಕ್ಷಿ. ನಾವು ಮೂವರೂ ಹುಡುಗರಿದ್ದಾಗ ಟೇಲರ್ ಅಂಗಡಿಯ ಮುಂದೆ ನಿಂತು ರೇಡಿಯೋದಲ್ಲಿ ಹಾಕಿ ಕಾಮೆಂಟರಿ ಕೇಳುತ್ತಿದ್ದೆವು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೊಲಿಗೆ ಯಂತ್ರ ನಿಲ್ಲಿಸಿ ಟೇಲರನೂ ಕೇಳುತ್ತಿದ್ದ, ಗೋಲಾದಾಗ ಕುಲಕರ್ಣಿ ನನ್ನ ಹೆಗಲು ಹಿಡಿದು ಕುಣಿದಿದ್ದ. ಒಂದು ಸಂಜೆ ಕುಲಕರ್ಣಿ ಮೆಲ್ಲಗೆ ಅಂದ: "ಅಲ್ಲಪಾ, ಆವಾಗ ನಾ ಕುಂದಗೋಳದಾಗ ಇದ್ದೆ. ನಿನ್ನ ಮಾರಿ ಸುದ್ಧಾ ನೋಡಿದ್ದಿಲ್ಲ." ಅಂದರೆ ಯಾವಾಗಲೋ ಒಂದು ದಿನ, ಅವನ ಸ್ನೇಹ ಗಟ್ಟಿಯಾದ ಮೇಲೆ, ನಾನೇ ಅವನನ್ನು ಕರೆದುಕೊಂಡು ಹೋಗಿ ಆ ಟೇಲರ್ ಅಂಗಡಿಯ ಮುಂದೆ ನಿಲ್ಲಿಸಿ ಬಂದಿದ್ದೇನೆ. ವಾಪಸು ಕರೆದುಕೊಂಡು ಬರಲು ಮನಸ್ಸಾಗಲಿಲ್ಲ. ಈಗಲೂ ಅಲ್ಲೇ ಇದ್ದಾನೆ.

ಆದರೆ ಸೇರಿ ಕೇಳುವುದು ಇತ್ತು, ಅದು ಸುಳ್ಳಲ್ಲ. ಆಮೇಲೆ ಮನೆಗೊಂದು ಟೀವಿ ಬಂತು, ಕೈಗೊಂದು ಫೋನು ಬಂತು, ಕ್ರಿಕೆಟ್ಟನ್ನು ಅವರವರ ಮನೆಯಲ್ಲಿ ಅವರವರ ಲೋಡಿಗೆ ಒರಗಿ ನೋಡತೊಡಗಿದೆವು. ಎಷ್ಟೋ ವರ್ಷ ನಾವು ಮೂವರು ಭೇಟಿಯಾದದ್ದು ಮದುವೆಗಳಲ್ಲಿ, ಇಲ್ಲವೆ ಯಾರನ್ನಾದರೂ ಮಣ್ಣು ಮಾಡುವಾಗ ಮಾತ್ರ. ಕ್ರಿಕೆಟ್ ನೋಡಲು ಪಕ್ಕದಲ್ಲಿ ಯಾರೂ ಬೇಕಾಗಿಲ್ಲ. ಐಸ್ ಹಾಕಿಯನ್ನು ನವಲಗುಂದದಲ್ಲಿ ಒಬ್ಬನೇ ಕೂತು ನೋಡಿದರೆ ಮನೆಯವರು ಡಾಕ್ಟರನ್ನು ಕರೆಸುತ್ತಾರೆ. ಇನ್ನಿಬ್ಬರು ಬೇಕೇ ಬೇಕು. ತಿಮೊಫೇ ಇದ್ದದ್ದು ಉರಾಲ್ ಕಡೆಯ ಊರಿನಲ್ಲಿ, ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಅವನಿಗೆ ಸಂಜೆಯಾದರೆ ನಮಗೂ ಸಂಜೆ. ಚೆನ್ನಪ್ಪ ಶಟರ್ ಅರ್ಧ ಇಳಿಸುವ ಹೊತ್ತಿಗೆ ಅವನು ಬೂಟು ಕಟ್ಟುತ್ತಿದ್ದ.

ಹೀಗೆ ನಾವು ಅವನನ್ನು ಹದಿನಾರರ ವಯಸ್ಸಿನಿಂದ ಬೆಳೆಸಿದೆವು. ತಿಮೊಫೇ ನಮ್ಮ ಬಾಯಲ್ಲಿ ತಿಮ್ಮನಾದ. ಚೆನ್ನಪ್ಪನ ಕಣ್ಣು ಅವನ ತೊಡೆಯ ಮೇಲೆ. "ಖುರಾಕು ಸಾಲಂಗಿಲ್ಲೋ ಈ ತಿಮ್ಮಗ. ಬದಾಮಿ ಹಾಲು ಕೊಡಬೇಕು ಅವನ ವಸ್ತಾದ," ಎಂದು ತರಬೇತುದಾರನನ್ನು ಗರಡಿಯ ಲೆಕ್ಕದಲ್ಲಿ ಬೈಯುತ್ತಿದ್ದ. ಕುಲಕರ್ಣಿಗೆ ಗೋಲಿನ ಹಂಗೇ ಇರಲಿಲ್ಲ. ಬಿಲ್ಲೆಯನ್ನು ಹಿಡಿದು ತಿಮ್ಮ ಸುಮ್ಮನೆ ಅರ್ಧ ಸುತ್ತು ತಿರುಗಿದರೆ "ಆಹಾ, ಏನು ಆಲಾಪ ಮಾಡ್ತಾನಪಾ" ಎನ್ನುತ್ತಿದ್ದ. ಗೋಲಾದರೆ "ಛೇ, ಲಗೂನ ಮುಗಿಸಿಬಿಟ್ಟ" ಎಂದು ಬೇಸರಪಡುತ್ತಿದ್ದ. ನಾನು ಹವಾಮಾನ ಹೇಳುತ್ತಿದ್ದೆ.

ಅವನಿಗೆ ಹದಿನೆಂಟಾದ ಬೇಸಿಗೆಯಲ್ಲಿ ಅಮೇರಿಕದ ಒಂದು ಕ್ಲಬ್ಬು ಅವನನ್ನು ಆರಿಸಿತು. ಆರಿಸಿದರೂ ಅವನು ತಕ್ಷಣ ಹೋಗುವುದಿಲ್ಲ. ರಷ್ಯಾದ ಕರಾರು ಮುಗಿಯುವವರೆಗೆ ಅಲ್ಲೇ ಆಡುತ್ತಾನೆ, ಆದರೆ ಬೇರೆ ಅಮೇರಿಕದವರು ಅವನನ್ನು ಮುಟ್ಟುವಂತಿಲ್ಲ. ಇದನ್ನು ವಿವರಿಸಲು ನಾನು ಒದ್ದಾಡುತ್ತಿದ್ದಾಗ ಚೆನ್ನಪ್ಪ ಒಂದೇ ಮಾತಿನಲ್ಲಿ ಮುಗಿಸಿದ: "ಸಾಕರಪುಡೆ ಆತು ಅನ್ನು. ಹೆಣ್ಣು ಇನ್ನೂ ತವರಮನ್ಯಾಗ ಐತಿ." ಮದುವೆ ಗೊತ್ತಾದಾಗ ಸಕ್ಕರೆ ಪೊಟ್ಟಣ ಕೊಟ್ಟು ನಿಶ್ಚಯ ಮಾಡುವುದು ನಮ್ಮ ಕಡೆಯ ಪದ್ಧತಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಅವನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೆಸರಿನ ಬೀಜದ ಜೊತೆ ಒಂದೊಂದು ಮುಷ್ಟಿ ಸಕ್ಕರೆ ಹಂಚಿದ.

"ಯಾರದರಿ ಸಾವ್ಕಾರ್ರ?" ಎಂದು ಕೇಳಿದ ಒಬ್ಬ ಹಿರಿಯ.

"ನಮ್ಮ ತಿಮ್ಮಂದ್ರಿ."

"ಹೌದಾ? ಬೀಗರು ಯಾವೂರವರು?"

"ಅಮೇರಿಕಾ."

ಹಿರಿಯ ಸಕ್ಕರೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಬಾಗಿ, ದನಿ ತಗ್ಗಿಸಿ ಕೇಳಿದ: "ನಮ್ಮ ಮಂದೀನ ಏನ್ರಿ?"

ಸಂಜೆಯೊಳಗೆ ಚೆನ್ನಪ್ಪನ ಮನೆಗೆ ಮೂರು ಬೀದಿಯ ಹೆಣ್ಣುಮಕ್ಕಳು ಅರಿಷಿಣ ಕುಂಕುಮಕ್ಕೆ ಬಂದರು. ಇಲ್ಲದ ತಿಮ್ಮನ ಮದುವೆಗೆ ಯಾರಿಗೆ ಯಾವ ಸೀರೆ ಎಂದು ಅವನ ಹೆಂಡತಿ ವಾರಗಟ್ಟಲೆ ಉತ್ತರ ಹೇಳಿದಳು. ಇಂದಿಗೂ ಕೆಲವರು ಆ ಸಂಬಂಧ ಮುರಿದುಬಿತ್ತೆಂದು ತಿಳಿದು ಅವಳೆದುರು ಮದುವೆಯ ಸುದ್ದಿ ಎತ್ತುವುದಿಲ್ಲ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದೇ ರಾತ್ರಿ ಕೂತು ಎರಡೂ ಕಡೆಯ ಗಡಿಯಾರದ ಲೆಕ್ಕ ಹಾಕಿದೆ. ಅಮೇರಿಕದ ಸಂಜೆ ಎಂದರೆ ನಮ್ಮ ನಸುಕು. ಇವನು ಅಲ್ಲಿಗೆ ಹೋದನೆಂದರೆ ಚೀಲಗಳ ಮಗ್ಗುಲಿನ ನಮ್ಮ ಜಮಖಾನ ಸುತ್ತಿ ಮೂಲೆಗೆ ನಿಲ್ಲಿಸಿದಂತೆಯೇ. ನಾವು ಮೂವರು ಮತ್ತೆ ಮದುವೆ ಮಣ್ಣಿನಲ್ಲಿ ಭೇಟಿಯಾಗುವ ಗೆಳೆಯರಾಗುತ್ತೇವೆ, ಅದರಲ್ಲೂ ನಮ್ಮ ವಯಸ್ಸಿನಲ್ಲಿ ಮದುವೆಗಳು ಕಡಿಮೆ. ಅಂದಿನಿಂದ ನಾನು ತಿಮ್ಮ ತಡವಾಗಿ ಬೆಳೆಯಲಿ ಎಂದು ಹರಸತೊಡಗಿದೆ.

ಹರಸಿ ಸುಮ್ಮನಿರಲಿಲ್ಲ. ಆ ಅಮೇರಿಕದ ಕ್ಲಬ್ಬಿನ ಅಭಿಮಾನಿಗಳದೊಂದು ಗುಂಪಿದೆ ಫೋನಿನಲ್ಲಿ. ಹುಡುಗ ಎಷ್ಟು ತೂಗುತ್ತಾನೆ, ಎಷ್ಟು ಹೊತ್ತು ಆಡಿದ, ಯಾವಾಗ ಕರೆತರುತ್ತೀರಿ ಎಂದು ಹಗಲೂ ರಾತ್ರಿ ಬರೆಯುತ್ತಾರೆ. "ಗಂಡಿನ ಕಡೆಯವರು ಭಾಳ ಅವಸರ ಮಾಡ್ತಾರ," ಎಂದಿದ್ದ ಚೆನ್ನಪ್ಪ. ನಾನು ಅದರಲ್ಲಿ ಸೇರಿ, ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ, ಈ ಹುಡುಗನನ್ನು ಮೊದಲಿನಿಂದ ಬಲ್ಲೆ, ಇನ್ನೂ ಎಳಸು, ನಾಲ್ಕು ವರ್ಷ ಬಿಡಿ ಎಂದು ಬರೆದೆ. ನಾನು ರಷ್ಯಾದ ಒಳಗಿನವನೆಂದೇ ಅವರು ತಿಳಿದರು. ನವಲಗುಂದದಲ್ಲಿ ಈಗ ಹಿಮ ಎಷ್ಟಿದೆ ಎಂದು ಒಬ್ಬ ಕೇಳಿದ. ಹಿಮ ಇಲ್ಲ, ಕಡಲೆ ರಾಶಿ ನಡೆದಿದೆ ಎಂದು ಸತ್ಯವನ್ನೇ ಬರೆದೆ.

ತಿಮ್ಮ ನನ್ನ ಮಾತು ಕೇಳಲಿಲ್ಲ. ತೊಡೆ ಬಲಿತವು, ಗೋಲುಗಳು ಬಂದವು, ಕರಾರು ಮುಗಿದ ಕೂಡಲೆ ಅವನು ಹೊರಟ ಸುದ್ದಿಯೂ ಬಂತು. ಚೆನ್ನಪ್ಪ ಮೀಸೆ ತಿರುವಿ, "ನಮ್ಮ ಹುಡುಗ ಅಖಾಡಾಕ ಇಳಿದಾ!" ಎಂದ. ನಾನು, ಇನ್ನೊಂದು ವರ್ಷ ಇಲ್ಲೇ ಆಡಿದ್ದರೆ ಅವನ ಬುಡ ಗಟ್ಟಿಯಾಗುತ್ತಿತ್ತು ಎಂದೆ. ಚೆನ್ನಪ್ಪ ನನ್ನ ಕಡೆ ಹೊರಳಿದ. "ಯಾರ ಬುಡಾ ಲೇ? ಅವಂದೋ, ನಿಂದೋ?" ಕುಸ್ತಿಯವನ ಹಿಡಿತ, ತಪ್ಪಿಸಿಕೊಳ್ಳಲು ಆಗಲಿಲ್ಲ. ಮನೆಯಲ್ಲಿ ಹೆಂಡತಿಯೂ ಬಿಡಲಿಲ್ಲ. "ಮಗಳನ್ನ ಗಂಡನ ಮನಿಗೆ ಕಳಿಸುವಾಗೂ ಇಷ್ಟು ಮಾರಿ ಸಣ್ಣ ಮಾಡಿದ್ದಿಲ್ಲರಿ ನೀವು."

ಅಮೇರಿಕದ ಮೊದಲ ಆಟಕ್ಕೆ ಮೂವರೂ ನಸುಕಿನಲ್ಲಿ ಖೋಲಿಗೆ ಸೇರಿದೆವು. ಚೆನ್ನಪ್ಪ ಕಂಬಳಿ ಹೊದ್ದು ಬಂದು, ಚೀಲಕ್ಕೆ ಒರಗಿ, ತಿಮ್ಮ ಇಳಿಯುವ ಮೊದಲೇ ಗೊರಕೆ ಹೊಡೆದ. ಕುಲಕರ್ಣಿಯ ಫೋನು ಬಡಕೊಂಡಿತು, ಅವನ ಹೆಂಡತಿ: "ನಳಾ ಬಂದದ, ಓಡಿ ಬರ್ರಿ." ಎಂಟು ದಿನಕ್ಕೊಮ್ಮೆ ಬರುವ ನೀರಿನ ಮುಂದೆ ಯಾವ ಆಲಾಪ ನಿಂತೀತು? ಅವನು ಓಡಿದ. ಮುಂದಿನ ಆಟ ನಾನು ಮನೆಯ ಪಡಸಾಲೆಯಲ್ಲಿ ಒಬ್ಬನೇ ನೋಡಿದೆ. ತಿಮ್ಮ ಚೆನ್ನಾಗಿ ತಿರುಗಿದ. "ನೋಡೋ" ಎಂದು ಬಲಕ್ಕೆ ಹೊರಳಿದೆ. ಬಲಕ್ಕೆ ಜೋಳದ ಚೀಲವಿತ್ತು. ಒಳಗಿನಿಂದ ಹೆಂಡತಿ, "ಇಷ್ಟು ನಸುಕಿನ್ಯಾಗ ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು.

ಆಮೇಲೆ ಒಂದು ತಿಂಗಳು ಅಂಗಡಿಯ ಕಡೆ ಹೋಗಲಿಲ್ಲ. ಹೋದದ್ದು ಮೊನ್ನೆ, ಕುಂಬಳದ ಬೀಜ ಬೇಕೆಂಬ ನೆವ ಮಾಡಿಕೊಂಡು. ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಜಮಖಾನದ ಮೇಲೆ ಇಬ್ಬರೂ ಕೂತಿದ್ದಾರೆ, ಫೋನು ಚೀಲಕ್ಕೆ ಆನಿಸಿದೆ, ನಡುವೆ ಒಬ್ಬ ಕೂರುವಷ್ಟು ಜಾಗ ಖಾಲಿ ಇದೆ.

"ಎಲ್ಲಿ ಸತ್ತಿದ್ದಿ ಲೇ?" ಎಂದ ಚೆನ್ನಪ್ಪ, ತಲೆ ಎತ್ತದೆ. "ಕುಂದ್ರು. ತಿಮ್ಮನ ಹಳೇ ಕ್ಲಬ್ಬಿನ್ಯಾಗ ಹೊಸಾ ಹುಡುಗ ಬಂದಾನ."

ಕೂತೆ. ಹದಿನಾರರ ಹುಡುಗ, ಕಾಲು ಜೋಳದ ದಂಟಿನಂತಿದ್ದವು. ಸುಮ್ಮನೆ ನಿಂತಲ್ಲೇ ಒಂದು ಸಲ ಬಿದ್ದ, ಬಿಲ್ಲೆಯನ್ನು ಎದುರಾಳಿಗೆ ತಾನೇ ಒಯ್ದು ಕೊಟ್ಟ. "ಖುರಾಕೇ ಇಲ್ಲ," ಎಂದ ಚೆನ್ನಪ್ಪ ಸಂತೋಷದಿಂದ. "ಇಂವಗ ಸ್ವರಾನೇ ಹತ್ತಿಲ್ಲಪಾ. ಹಣ್ಣಾಗಲಿಕ್ಕೆ ಭಾಳ ವರ್ಷ ಬೇಕು," ಎಂದ ಕುಲಕರ್ಣಿ. ಇಷ್ಟು ಭರವಸೆಯ ಮಾತನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಕಾಲು ಚಾಚಿ ಚೀಲಕ್ಕೆ ಒರಗಿದೆ.

ಅಷ್ಟರಲ್ಲಿ ಆ ಹುಡುಗ ಎಲ್ಲಿಂದಲೋ ಬಿಲ್ಲೆ ಕಸಿದುಕೊಂಡು, ಒಬ್ಬನನ್ನು ದಾಟಿ, ಇನ್ನೊಬ್ಬನನ್ನು ದಾಟಿ, ಗೋಲು ಕಾಯುವವನನ್ನು ಎಡಕ್ಕೆ ಕೆಡವಿ ಬಲಕ್ಕೆ ಹೊಡೆದುಬಿಟ್ಟ. ಈ ಸಲ ಬಿಲ್ಲೆ ನನಗೂ ಸ್ವಚ್ಛ ಕಂಡಿತು. ಚೆನ್ನಪ್ಪ ತೊಡೆ ತಟ್ಟಿದ, ಕುಲಕರ್ಣಿ ಕಣ್ಣು ಮುಚ್ಚಿ "ವಾಹ್" ಎಂದ. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಆದಷ್ಟು ಸಹಜವಾಗಿ ಕೇಳಿದೆ: "ಇವನ ಕರಾರು ಎಷ್ಟು ವರ್ಷದ್ದಂತ?"