ನನ್ನ ಸೈಟಿನ ಡೇರೆ

ನನಗೆ ಡೇರೆಗಳ ಮೇಲೆ ನಂಬಿಕೆಯಿಲ್ಲ. ಮನೆ ಕಟ್ಟುವವನು ಪಾಯ ತೋಡಿ, ಕಲ್ಲು ಇಳಿಸಿ, ತಾನು ಬಂದು ನೆಲೆಸುವುದು ಬೀದಿಗೆಲ್ಲ ಗೊತ್ತಾಗುವಷ್ಟು ಸದ್ದು ಮಾಡುತ್ತಾನೆ. ಡೇರೆಯವನು ಸದ್ದಿಲ್ಲದೆ ನಾಲ್ಕು ಗೂಟ ಬಡಿದು ಒಳಗೆ ಸೇರಿಬಿಡುತ್ತಾನೆ. ನಮ್ಮ ಆಫೀಸಿನಲ್ಲಿ ಪದಗಳ ಹುಚ್ಚು ಹಿಡಿದ ಹೆಡ್ ಕ್ಲಾರ್ಕ್ ಒಬ್ಬರಿದ್ದರು. ಟೆಂಟು ಎಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆಯೆಂದೂ, ಎಳೆದು ಹಿಗ್ಗಿಸುವುದೆಂದು ಅದರ ಅರ್ಥವೆಂದೂ, ಡೇರೆ ಎಂಬುದು ದಂಡಿನವರ ಜೊತೆ ಉತ್ತರದಿಂದ ಬಂದಿರಬೇಕೆಂದೂ ಕಾಫಿಯ ಹೊತ್ತಿನಲ್ಲಿ ವಿವರಿಸಿದರು. ನನ್ನ ಗುಮಾನಿ ಇನ್ನಷ್ಟು ಬಲವಾಯಿತು. ಒಂದಕ್ಕೆ ಎಳೆದುಕೊಳ್ಳುವ ಬುದ್ಧಿ, ಇನ್ನೊಂದಕ್ಕೆ ದಂಡೆತ್ತಿ ಬಂದ ಚರಿತ್ರೆ! ಟೆಂಟ್ ಸಿನಿಮಾಕ್ಕೆ ಹೋದಾಗಲೂ ನಾನು ಪರದೆ ನೋಡಿದ್ದಕ್ಕಿಂತ, ಹಿಂದಿನಿಂದ ಬಟ್ಟೆ ಎತ್ತಿ ನುಸುಳುವವರನ್ನು ನೋಡಿದ್ದೇ ಹೆಚ್ಚು.

ಇಂಥ ನನಗೆ ವಿಜಯನಗರದಲ್ಲೊಂದು ಸೈಟು ಸಿಕ್ಕಿತು. ನಾವಾಗ ರಾಜಾಜಿನಗರದ ಬಾಡಿಗೆ ಮನೆಯಲ್ಲಿದ್ದೆವು. ಓನರಮ್ಮನಿಗೆ ಸಿಟ್ಟು ಬಂದ ದಿನ ನಮಗೆ ನಲ್ಲಿ ನೀರು ನಿಲ್ಲುತ್ತಿತ್ತು. ಹಾಗಾಗಿ ಆ ಖಾಲಿ ಸೈಟೇ ನಮ್ಮ ಸ್ವರ್ಗ. ಹಾಸ್ಟೆಲಿನಲ್ಲಿರುವ ಮಗುವನ್ನು ನೋಡಲು ಹೋದಂತೆ ಭಾನುವಾರ ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಒಂದು ಭಾನುವಾರ ನೋಡಿದರೆ ಪಕ್ಕದ ಸೈಟಿನಲ್ಲಿ ಡೇರೆ! ಅದರ ಒಂದು ಗೂಟ ನಮ್ಮ ನೆಲದಲ್ಲಿತ್ತು.

"ಯಾರಪ್ಪಾ ನೀನು?" ಎಂದೆ.

"ವಾಚ್‌ಮನ್ನು ಸಾರ್. ಓನರು ಮನೆ ಕಟ್ತಾರೆ, ಸಿಮೆಂಟು ಕಾಯಕ್ಕೆ ಇದೀನಿ."

"ಗೂಟ ಯಾಕೆ ಈ ಕಡೆ ಬಂತು?"

"ಗಾಳಿ ಸಾರ್. ಬೇಕಾದ್ರೆ ಈಗ್ಲೇ ಕೀಳ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಸರಿಕಾಣಲಿಲ್ಲ. ಇವತ್ತು ಗೂಟ, ಮುಂದೆ ಡೇರೆ, ಆಮೇಲೆ ಕೋರ್ಟು. ಮರುವಾರ ಹಳೆಯ ಟಾರ್ಪಾಲು ಹೊತ್ತು ತಂದು ನನ್ನ ಸೈಟಿನಲ್ಲಿ ನಾನೇ ಡೇರೆ ಹಾಕಿದೆ.

"ಖಾಲಿ ಡೇರೆಗೆ ಯಾರ್ರೀ ಹೆದರ್ತಾರೆ?" ಎಂದಳು ನನ್ನ ಹೆಂಡತಿ ಕಮಲ.

ಆಗ ನನಗೊಂದು ಉಪಾಯ ಹೊಳೆಯಿತು. ಅಲ್ಲೇ ಬಿದ್ದಿದ್ದ ಉದ್ದನೆಯ ಕಲ್ಲನ್ನು ಡೇರೆಯೊಳಗೆ ನಿಲ್ಲಿಸಿ, ಅರಿಶಿನ ಬಳಿದು, ಕುಂಕುಮವಿಟ್ಟು, ಮೇಲೊಂದು ದಾಸವಾಳ ಸಿಕ್ಕಿಸಿದೆ. ದೇವರಿರುವ ಡೇರೆಗೆ ಕೈಹಾಕುವ ಧೈರ್ಯ ಯಾರಿಗಿದೆ? ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ಆಮೇಲೆ ಆಡಿಟ್ಟಿನ ಗಲಾಟೆಯಲ್ಲಿ ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಕೊನೆಗೆ ಇಬ್ಬರೂ ಹೋದಾಗ ದೂರದಿಂದಲೇ ಗಂಟೆಯ ಸದ್ದು ಕೇಳಿಸಿತು. ಡೇರೆಗೆ ಮಾವಿನ ತೋರಣ ಕಟ್ಟಿತ್ತು. ಬಡಾವಣೆಯ ಹೆಂಗಸರು ಸಾಲಾಗಿ ಪ್ರದಕ್ಷಿಣೆ ಹಾಕುತ್ತಿದ್ದರು. ಆ ವಾಚ್‌ಮನ್ನು ಪ್ರಸಾದದ ಚರ್ಪು ಹಂಚುತ್ತಿದ್ದ.

"ಚಪ್ಪಲಿ ಆಚೆ ಬಿಡಿ ಸಾರ್," ಎಂದರು ಒಬ್ಬಾಕೆ.

"ಅಮ್ಮಾ, ಇದು ನನ್ನ ಸೈಟು!"

"ಅಯ್ಯೋ, ಜಾಗ ಕೊಟ್ಟ ಪುಣ್ಯಾತ್ಮರು ನೀವೇನಾ? ರೀ, ಬನ್ರೀ ಇಲ್ಲಿ!"

ಆಕೆಯ ಯಜಮಾನರು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು! ಗುಡಿಗೆ ಮುಂದಿನ ತಿಂಗಳೇ ಪಾಯ ಹಾಕ್ತೀವಿ. ಗುದ್ದಲಿ ಪೂಜೆ ನಿಮ್ಮ ಕೈಯಿಂದ್ಲೇ ಆಗ್ಬೇಕು."

ಆದರೆ ಕಳ್ಳರನ್ನು ಹೆದರಿಸಲು ನಿಲ್ಲಿಸಿದ ಕಲ್ಲು ಇದು ಎಂದು ಇಷ್ಟು ಜನ ಭಕ್ತರ ಮುಂದೆ ಹೇಗೆ ಹೇಳಲಿ? ಸಹಾಯಕ್ಕೆಂದು ಕಮಲಳ ಕಡೆ ತಿರುಗಿದೆ. ಅವಳಾಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರದಕ್ಷಿಣೆಯ ಸಾಲು ಸೇರಿದ್ದಳು.

"ಕಿತ್ತು ಬಿಸಾಡ್ಲಾ?" ಎಂದು ಪಿಸುಗುಟ್ಟಿದೆ.

"ಸುಮ್ನಿರಿ, ಕಣ್ಣು ಹೋದೀತು," ಎಂದಳು.

ಅಷ್ಟರಲ್ಲಿ ಮಂಗಳಾರತಿ ತಟ್ಟೆ ನನ್ನ ಮುಂದೆ ಬಂತು. ಬೇರೆ ದಾರಿ ಕಾಣದೆ ಕಣ್ಣುಮುಚ್ಚಿ, ಕೈಮುಗಿದು, ಮನಸಾರೆ ಬೇಡಿಕೊಂಡೆ: "ಅಪ್ಪಾ, ಬಾಡಿಗೆ ಮನೆ ಸಾಕಾಗಿದೆ. ಎಲ್ಲಾದರೂ ನನಗೊಂದು ಸೈಟು ಕೊಡಿಸು."