ನಂದಾದೀಪ ಒಲ್ಲದ ತಂಪು ಅನಿಲದವರಿಗೆ

ಐನಾಪುರ, ಕಾಗವಾಡ ತಾಲೂಕು
ಏಪ್ರಿಲ್ ಕೊನೆಯ ವಾರ

ನಮ್ಮ ಪಡಸಾಲೆಯ ಗೋಡೆಯ ಮೇಲಿನ ಎ.ಸಿ. ಎಂಬ ಬಿಳಿ ಪೆಟ್ಟಿಗೆಯಲ್ಲಿ ವಾಸವಾಗಿರುವ, ಆರ್-290 ಎಂಬ ಹೆಸರಿನಿಂದ ಖ್ಯಾತರಾದ, ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ಒಂದು ವೇಳೆ ಸೋರಿದರೆ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಡುವಿರೆಂದು ತಮ್ಮ ಜೊತೆ ಬಂದ ಪುಸ್ತಿಕೆಯಲ್ಲಿ ಓದಿದ್ದರಿಂದ ನಮಸ್ಕಾರವನ್ನೂ ನೆಲದ ಮಟ್ಟದಲ್ಲಿಯೇ ಸಲ್ಲಿಸುತ್ತಿದ್ದೇನೆ.

‘ತಂಪಿನ ಮಡಿಲಲ್ಲಿ ಉರಿ ನಿದ್ದೆ ಹೋಗಿತ್ತು’ ಎಂಬ ಸಾಲೊಂದು ಹದಿನೈದು ದಿನಗಳಿಂದ ತಲೆಯಲ್ಲಿ ಸುಳಿಯುತ್ತಿದೆ. ಎಂ.ಎ. ಓದುವಾಗ ನೋಟುಬುಕ್ಕಿನ ಅಂಚಿಗೆ ಬರೆದುಕೊಂಡದ್ದೋ, ನಮ್ಮ ಸೋದರತ್ತೆ ಬೀಸುವ ಕಲ್ಲಿನ ಮುಂದೆ ಕೂತು ಅಂದದ್ದೋ ನೆನಪಾಗುತ್ತಿಲ್ಲ. ಅದು ‘ಉರಿಯ ಮಡಿಲಲ್ಲಿ ತಂಪು’ ಎಂದಿದ್ದರೂ ಇದ್ದೀತು. ಮೊದಲೆಲ್ಲ ಅದನ್ನು ಹೇಗೆ ತಿರುಗಿಸಿದರೂ ಚೆಂದವೆನಿಸುತ್ತಿತ್ತು. ತಾವು ಮನೆಗೆ ಬಂದ ಮೇಲೆ ಹಾಗೆ ಬಿಡುವಂತಿಲ್ಲ. ಮಲಗಿದವರು ಯಾರೆಂದೇ ತಿಳಿಯದಿದ್ದರೆ ಯಾರನ್ನು ಎಬ್ಬಿಸಬಾರದೆಂದು ಹೇಗೆ ತಿಳಿಯಬೇಕು? ಅದೂ ಅಲ್ಲದೆ, ಇಬ್ಬರೂ ಹಾಗೆ ನೆಮ್ಮದಿಯಿಂದ ಮಲಗಲು ಎಷ್ಟು ಚದರ ಅಡಿಯ ಖೋಲಿ ಬೇಕು ಎಂಬ ಮುಖ್ಯ ವಿಷಯವನ್ನು ಆ ಸಾಲು ಬರೆದವರು ಹೇಳಿಯೇ ಇಲ್ಲ. ತಮ್ಮ ಪುಸ್ತಿಕೆ ಬರೆದವರು ಹೇಳಿದ್ದಾರೆ. ನನ್ನ ಅಹವಾಲು ಇರುವುದು ಅಲ್ಲಿಯೇ.

ನಾನು ದಾನೇಶ್ವರಿ, ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ವಯಸ್ಸು ನಲವತ್ತೆಂಟು. ಹೋದ ದೀಪಾವಳಿಯ ಸುಮಾರಿಗೆ, ಊರೆಲ್ಲ ಶಾಲು ಹೊದೆಯುವ ಹೊತ್ತಿನಲ್ಲಿ, ನನ್ನ ಎದೆಯಿಂದ ಒಂದು ಉರಿ ಎದ್ದು, ಕುತ್ತಿಗೆ ಹತ್ತಿ, ಕಿವಿಯ ತುದಿಯವರೆಗೆ ಏರಿ, ಅಲ್ಲಿ ನಾಲ್ಕು ನಿಮಿಷ ದರ್ಬಾರು ಮಾಡಿ, ಬೆವರಿಳಿಸಿ ಹೋಗಲಾರಂಭಿಸಿತು. ಪಾಠದ ನಡುವೆ ಬರುತ್ತದೆ, ರೊಟ್ಟಿ ಬಡಿಯುವಾಗ ಬರುತ್ತದೆ, ಬರುವ ಮುಂಚೆ ಹೇಳಿ ಕಳಿಸುವುದಿಲ್ಲ. ಅಥಣಿಯ ಡಾಕ್ಟರಮ್ಮ ಇದು ರೋಗವಲ್ಲ, ವಯಸ್ಸಿನದು, ಮುಟ್ಟು ನಿಲ್ಲುವ ಕಾಲದ್ದು ಎಂದರು. ನಮ್ಮ ಕಡೆ ಹುಡುಗಿ ಮೊದಲ ಸಲ ಮೈನೆರೆದಾಗ ಓಣಿಯ ಹೆಂಗಸರನ್ನೆಲ್ಲ ಕರೆದು ಆರತಿ ಮಾಡುತ್ತಾರೆ. ಅದು ಮುಗಿಯುವಾಗ ಮಾತ್ರ ಅವಳು ಪಕ್ಕದ ಗೋಡೆಗೂ ಹೇಳಬಾರದು. ನಾನೂ ಹೇಳಲಿಲ್ಲ. ಬಿಸಿಲು ವಿಪರೀತವಾಗಿದೆ ಎಂಬ ಕಾರಣ ಕೊಟ್ಟು ಒಂದು ಎ.ಸಿ. ಕೇಳಿದೆ.

ನಮ್ಮ ಮನೆಯವರಾದ ಈಶ್ವರ ಅವರು ದ್ರಾಕ್ಷಿ ಬೆಳೆಯುವವರು. ತಕರಾರು ಮಾಡಲಿಲ್ಲ. ವರ್ಷ ವರ್ಷವೂ ಕೋಲ್ಡ್ ಸ್ಟೋರೇಜಿನಲ್ಲಿ ಆರಾಮಾಗಿ ಮಲಗುವ ನಮ್ಮ ಒಣದ್ರಾಕ್ಷಿಗೆ ಇರುವ ಸೌಕರ್ಯ ಮನೆಯ ಹೆಣ್ಣುಮಗಳಿಗೂ ಇರಲಿ ಎಂದರು. ಆ ಹೋಲಿಕೆಯನ್ನು ನಾನು ಹೆಚ್ಚು ಕೆದಕಲಿಲ್ಲ. ನನಗೆ ಬೇಕಿದ್ದದ್ದು ಮನೆಯ ಹಿಂದಿನ ಚಿಕ್ಕ ಖೋಲಿ, ಅದರ ಬಾಗಿಲಿಗೆ ಒಂದು ಚಿಲಕ, ಒಳಗೆ ತಂಪು, ಆ ನಾಲ್ಕು ನಿಮಿಷ ಯಾರೂ ನನ್ನ ಮುಖ ನೋಡದೆ ಇರುವುದು. ಮಾನ್ಯರೇ, ಇದು ಅತಿಯಾಸೆಯೇ?

ತಾವು ಆಗಮಿಸಿದ ಪೆಟ್ಟಿಗೆಯ ಮೇಲೆ ತ್ರಿಕೋನದೊಳಗೆ ಒಂದು ಉರಿಯುವ ಜ್ವಾಲೆಯ ಚಿತ್ರವಿತ್ತು. ನಮ್ಮ ಅತ್ತೆ ಕಾಳವ್ವನವರು ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ಬೆರಳಿನಿಂದ ಸವರಿ, ಬಹಳ ಸಂತೋಷಪಟ್ಟರು. “ಕಂಪನ್ಯಾವ್ರು ಭಕ್ತಿವಂತ್ರು ಅದಾರ ನೋಡವಾ, ಜ್ಯೋತಿ ಹಾಕಿ ಕಳಿಸ್ಯಾರ,” ಎಂದವರೇ ಆ ಜ್ವಾಲೆಗೆ ಅರಿಶಿನ ಕುಂಕುಮ ಏರಿಸಿದರು. ಜಗತ್ತಿನ ಯಾವ ಎಚ್ಚರಿಕೆಯ ಚಿಹ್ನೆಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು. ಮನೆಗೆ ಬಂದ ಟ್ರ್ಯಾಕ್ಟರು, ಬೋರಿನ ಮೋಟಾರು, ಹಿಟ್ಟಿನ ಗಿರಣಿ ಯಾವುದಕ್ಕೂ ಕಾಯಿ ಒಡೆದು ಕರ್ಪೂರ ಬೆಳಗದೆ ಗುಂಡಿ ಒತ್ತಿದ ಮನೆತನವಲ್ಲ ನಮ್ಮದು. ತಮಗೂ ಗೋಡೆ ಏರಿದ ಕೂಡಲೇ ಮುಖದ ಹತ್ತಿರ ಹಿಡಿದು ಬೆಳಗಲಿಕ್ಕೆಂದು ಅವರು ಅಂಗೈಯಷ್ಟು ಕರ್ಪೂರ ತರಿಸಿಟ್ಟರು.

ಕೂಡಿಸಲು ಚಿಕ್ಕೋಡಿಯಿಂದ ಅಮೋಲ ಎಂಬ ಮೆಕ್ಯಾನಿಕ್ ಬಂದ. ಚುರುಕಾದವ, ಕೈಯಲ್ಲಿ ಡ್ರಿಲ್ಲು, ಕಿಸೆಯಲ್ಲಿ ಊದಿನಕಡ್ಡಿಯ ಪುಡಿಕೆ. ನಾನು ಭಕ್ತಿಗೆ ಇರಬೇಕು ಅಂದುಕೊಂಡೆ. ಅದು ಕಸುಬಿಗೆ. ಕೊಳವೆಯ ಕೂಡುಗಳಿಗೆ ಹೊಗೆ ಹಿಡಿಯುವುದು ಅವನ ಪದ್ಧತಿ: ಹೊಗೆ ಅಲುಗಾಡಿದರೆ ಲೀಕು, ನೆಟ್ಟಗೆ ಹೋದರೆ ದೇವರ ದಯೆ. ನಾನು ಪುಸ್ತಿಕೆಯ ಹದಿನಾಲ್ಕನೇ ಪುಟ ತೆಗೆದು, ತಾವು ಹೊತ್ತಿಕೊಳ್ಳುವ ಜಾತಿಯವರೆಂದೂ, ತಮ್ಮ ಸಮೀಪ ಕಿಡಿ, ಕಡ್ಡಿ, ದೀಪ, ಒಲೆ ಯಾವುದೂ ಕೂಡದೆಂದೂ, ಸೋರಿಕೆಯನ್ನು ಸಾಬೂನಿನ ನೊರೆಯಿಂದಲೋ ತಕ್ಕ ಯಂತ್ರದಿಂದಲೋ ಮಾತ್ರ ಹುಡುಕಬೇಕೆಂದೂ, ತಮ್ಮ ಬಗ್ಗೆ ತರಬೇತಿ ಪಡೆದವರೇ ತಮ್ಮನ್ನು ಮುಟ್ಟಬೇಕೆಂದೂ ಅವನಿಗೆ ಪಾಠದಂತೆ ಗಟ್ಟಿಯಾಗಿ ಓದಿದೆ.

“ವೈನಿ, ಪುಸ್ತಕಾ ಓದಿ ಯಾರ ಎ.ಸಿ. ಕುಂಡ್ರಸ್ತಾರ್ರಿ?” ಎಂದು ಅಮೋಲ ನಕ್ಕ. ಅವನ ಕೈಯ ಕಡ್ಡಿಪೆಟ್ಟಿಗೆ ಮಾತ್ರ ಮರಳಿ ಕಿಸೆಗೆ ಹೋಯಿತು. ಹೊರಗೆ ಹೋಗಿ ಯಾರಿಗೋ ಫೋನು ಮಾಡಿ, ಮರಾಠಿಯಲ್ಲಿ ಬೈಸಿಕೊಂಡು ಬಂದು, ಈ ಗ್ಯಾಸಿನ ಟ್ರೇನಿಂಗ್ ತನಗೆ ಆಗಿಲ್ಲವೆಂದೂ ಆದವರನ್ನು ಕಳಿಸುವುದಾಗಿಯೂ ಹೇಳಿದ. ಹಾಗೆ ಒಪ್ಪಿಕೊಂಡು ಎದ್ದು ಹೋದದ್ದಕ್ಕೆ ನಾನು ಅವನಿಗೆ ಎರಡು ಸಲ ಚಹಾ ಮಾಡಿಕೊಟ್ಟೆ. ಆ ಸಂಜೆ ಹದಿನಾಲ್ಕನೇ ಪುಟದ ಮೇಲೆ ನನಗೆ ಎಂಥ ಪ್ರೀತಿ ಬಂದಿತ್ತೆಂದರೆ, ಅದನ್ನು ಪಠ್ಯಪುಸ್ತಕಕ್ಕೆ ಸೇರಿಸಬೇಕೆನಿಸಿತು.

ಆ ಪ್ರೀತಿ ಎರಡು ದಿನ ಬಾಳಿತು. ಮೂರನೆಯ ದಿನ ನಿಪ್ಪಾಣಿಯಿಂದ ದಶರಥ ಎಂಬ ಹಿರಿಯ ಮೆಕ್ಯಾನಿಕ್ ಬಂದರು. ಮಿತಭಾಷಿ. ಡ್ರಿಲ್ಲಿಗಿಂತ ಮೊದಲು ಟೇಪು ತೆಗೆದರು. ನನ್ನ ಖೋಲಿಯನ್ನು ಅಡ್ಡ ಉದ್ದ ಅಳೆದರು, ಕಿಟಕಿಯಿಂದ ಬಗ್ಗಿ ಹಿತ್ತಲಿನ ಬಚ್ಚಲ ಒಲೆಯನ್ನು ನೋಡಿದರು, ಪುಸ್ತಿಕೆಯ ಪಟ್ಟಿಯ ಮೇಲೆ ಬೆರಳಿಟ್ಟರು. ಈ ಯಂತ್ರದಲ್ಲಿ ತುಂಬಿದ ತಮ್ಮ ತೂಕಕ್ಕೆ ಖೋಲಿ ನೂರಾ ಇಪ್ಪತ್ತು ಚದರ ಅಡಿಗೆ ಕಡಿಮೆ ಇರಕೂಡದು. ನನ್ನದು ತೊಂಬತ್ತೊಂಬತ್ತು. ಚಿಕ್ಕ ಖೋಲಿಯಲ್ಲಿ ತಾವು ಸೋರಿದರೆ ಗಾಳಿಯೊಂದಿಗೆ ಹೊತ್ತಿಕೊಳ್ಳುವ ಹದಕ್ಕೆ ಬೇಗ ಬರುವಿರಂತೆ. ಅದರ ಮೇಲೆ ಹೊರಗಿನ ಪೆಟ್ಟಿಗೆ ಇಡಬೇಕಾದ ಜಾಗದಲ್ಲಿ ದಿನಾ ಬೆಳಿಗ್ಗೆ ನೀರು ಕಾಯುವ ಬೆಂಕಿ.

ಅಮೋಲನ ಮುಂದೆ ಎದೆಯುಬ್ಬಿಸಿ ಓದಿದ್ದ ಅದೇ ಪುಟದ ಮುಂದೆ ನಾನು ಈಗ ವಕೀಲಳಂತೆ ವಾದಕ್ಕೆ ನಿಂತೆ. ಬಚ್ಚಲ ಒಲೆಯನ್ನು ಕಿತ್ತು ಹಾಕಿಸುತ್ತೇನೆ ಎಂದೆ. ಕಪಾಟು ತೆಗೆಸುತ್ತೇನೆ, ಪುಸ್ತಕಗಳನ್ನೆಲ್ಲ ಹೊರಗಿಡುತ್ತೇನೆ, ಇಪ್ಪತ್ತೊಂದು ಅಡಿ ಎಂದರೆ ಒಂದು ಚಾಪೆಯಷ್ಟು, ಯಾರಿಗೆ ತಿಳಿಯುತ್ತದೆ ಎಂದೆ. ದಶರಥ ಅವರು ಟೇಪನ್ನು ನಿಧಾನಕ್ಕೆ ಸುತ್ತಿಕೊಂಡರು. “ಗ್ಯಾಸಿಗೆ ತಿಳೀತೈತ್ರಿ ಅಕ್ಕಾರ. ಮಂದಿ ಮಾರಿ ನೋಡಿ ಅಷ್ಟ ಇಷ್ಟ ಬಿಟ್ಟಕೊಡೂ ರೂಢಿ ಅದಕ್ಕಿಲ್ಲ,” ಎಂದರು. ಮಾನ್ಯರೇ, ತಮ್ಮನ್ನು ಇದಕ್ಕಿಂತ ಚೆನ್ನಾಗಿ ಹೊಗಳಿದವರನ್ನು ನಾನು ಕಂಡಿಲ್ಲ. ಈ ತಾಲೂಕಿನಲ್ಲಿ ಮುಖ ನೋಡದೆ ನಿಯಮ ಪಾಲಿಸುವವರು ತಾವೊಬ್ಬರೇ.

ಹೀಗಾಗಿ ತಾವು ಪಡಸಾಲೆಗೆ ಹೋದಿರಿ. ಅದು ವಿಶಾಲವಾದದ್ದು, ಅದರ ಹೊರಗೋಡೆಯ ಬಳಿ ಒಲೆಯಿಲ್ಲ. ಆದರೆ ಅಲ್ಲಿ ದೇವರ ಜಗಲಿ ಇತ್ತು, ಜಗಲಿಯ ಮೇಲೆ ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಆರಗೊಡದ ನಂದಾದೀಪ ಇತ್ತು. ಸದಾ ಉರಿಯುವ ದೀಪವಿರುವ ಕೋಣೆ ತಮಗೆ ನಿಷಿದ್ಧ. ಇಂಥ ಷರತ್ತುಗಳನ್ನು ನಾನು ಹಿಂದೆ ಗಂಡಿನ ಕಡೆಯ ಬೀಗರಿಂದ ಮಾತ್ರ ಕೇಳಿದ್ದೆ: ಖೋಲಿ ದೊಡ್ಡದಿರಬೇಕು, ಆಸನ ಎತ್ತರದಲ್ಲಿರಬೇಕು, ತಮ್ಮ ಕಡೆಯವರೇ ಮುಟ್ಟಬೇಕು, ಎದುರಿಗೆ ಬೇರೆ ಯಾರೂ ಬೆಳಗಬಾರದು. ಆದರೂ ಬೀಗರು ಜಗಲಿಯ ದೇವರನ್ನೇ ಎಬ್ಬಿಸಿದ್ದನ್ನು ಕೇಳಿರಲಿಲ್ಲ.

ಅತ್ತೆಯವರು ಒಪ್ಪಲಾರರು, ತಮ್ಮನ್ನು ಹಾಗೆಯೇ ಮರಳಿ ಕಳಿಸಬೇಕಾದೀತು, ನನ್ನ ಬೇಸಿಗೆ ಮುಗಿಯಿತು ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಅವರು ದಶರಥ ಅವರ ಮಾತನ್ನು ಪೂರಾ ಕೇಳಿದರು. ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅಷ್ಟು ಹೊತ್ತು ಯಾಕೆ ನೋಡಿದರೋ, ನಾನು ಕೇಳಲಿಲ್ಲ. ಕೊನೆಗೆ ತೀರ್ಪು ಕೊಟ್ಟರು: “ಈಕಿ ಖೋಲ್ಯಾಗ ದೇವರನ ಇಡ್ರಿ. ಅವಗೂ ಬಾಗಲಾ ಹಾಕ್ಕೊಂಡ ಒಂದೀಟ ಕುಂಡ್ರಬೇಕ ಅನಸ್ತಿರತೈತಿ.”

ಮಾನ್ಯರೇ, ಗಮನಿಸಬೇಕು. ನನಗೆ ಬೇಕಿದ್ದ ಖೋಲಿ, ನನಗೆ ಬೇಕಿದ್ದ ಬಾಗಿಲು, ನನಗೆ ಬೇಕಿದ್ದ ಚಿಲಕ ಎಲ್ಲವೂ ದೇವರಿಗೆ ಹೋದವು. ನನಗೆ ಸಿಕ್ಕಿದ್ದು ಮುಂಬಾಗಿಲಿಗೆ ನೇರವಾಗಿರುವ, ಬಂದವರೆಲ್ಲ ಮೊದಲು ಕಾಲಿಡುವ ಪಡಸಾಲೆ.

ತಮ್ಮ ಪ್ರತಿಷ್ಠಾಪನೆಯನ್ನು ನೋಡಲು ಓಣಿಯೇ ನೆರೆದಿತ್ತು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆಯಲಾಯಿತು, ಅಡಿಗೆಮನೆಯ ಒಲೆ ಆರಿತು, ಕಟ್ಟೆಯ ಮೇಲಿನ ಹಿರಿಯರ ಬೀಡಿಗಳು ದಶರಥ ಅವರ ಒಂದು ನೋಟಕ್ಕೆ ನಂದಿದವು. ಕೊಳವೆಗೆ ಮೊದಲು ನೈಟ್ರೋಜನ್ ತುಂಬಿ ಕಾದರು, ಕೂಡುಗಳಿಗೆ ನೊರೆ ಹಚ್ಚಿ ಕಣ್ಣು ನೆಟ್ಟರು, ಗುಳ್ಳೆ ಏಳಲಿಲ್ಲ. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಗೆಳೆದ ಮೇಲೆಯೇ ತಮಗೆ ದಾರಿ ಬಿಟ್ಟರು. ಪಕ್ಕದ ಮನೆಯ ತಾರವ್ವ, ನಾಲ್ಕು ಎಮ್ಮೆ ಕಟ್ಟಿದವಳು, ನನ್ನ ಓರಗೆಯವಳು, ಇಷ್ಟನ್ನೂ ನಿಂತು ನೋಡಿ, ತಾವು ಅಡಿಗೆಮನೆಯ ಸಿಲಿಂಡರಿನ ಅಣ್ಣತಮ್ಮಂದಿರೆಂದು ತಿಳಿದು, ಹಬ್ಬದ ದಿನ ತನ್ನ ಸಿಲಿಂಡರು ತೀರಿದರೆ ಇಲ್ಲಿಂದ ಒಂದು ಬಟ್ಟಲು ಕಡ ಸಿಕ್ಕೀತೇ ಎಂದು ವಿಚಾರಿಸಿದಳು. ಅತ್ತೆಯವರ ಕರ್ಪೂರವೂ ವ್ಯರ್ಥವಾಗಲಿಲ್ಲ: ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬೀದಿಯ ಆಚೆ ಬೇವಿನ ಗಿಡದ ಕೆಳಗಿಟ್ಟು, ಅದರ ಮೇಲಿನ ಜ್ವಾಲೆಯ ಚಿತ್ರಕ್ಕೆ ವಿಧಿವತ್ತಾಗಿ ಬೆಳಗಿದರು.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಕೆಲವು ಬಿನ್ನಹಗಳಿವೆ. ಸಿಲಿಂಡರಿನಲ್ಲಿರುವ ತಮ್ಮ ಸೋದರನಿಗೆ ಸರಕಾರದವರು ದುರ್ವಾಸನೆ ಬೆರೆಸಿ ಕಳಿಸುವಂತೆ ತಾವೂ ಏನಾದರೊಂದು ವಾಸನೆ ಇಟ್ಟುಕೊಳ್ಳಬೇಕು, ದುಂಡುಮಲ್ಲಿಗೆಯಾದರೂ ಅಡ್ಡಿಯಿಲ್ಲ; ಅದಾಗದಿದ್ದರೆ ಸೋರಿ ಹೊರಬೀಳುವ ಮುಂಚೆ, ನಮ್ಮ ಹಿರಿಯರು ಹೆಂಗಸರಿರುವ ಕೋಣೆಗೆ ಬರುವಾಗ ಮಾಡುತ್ತಿದ್ದಂತೆ ಒಮ್ಮೆ ಕೆಮ್ಮಬೇಕು. ಚದರ ಅಡಿಯ ವಿಷಯದಲ್ಲಿ ಎಂ.ಎ. ಆದವರಿಗೆ ಇಪ್ಪತ್ತೊಂದು ಅಂಕಗಳ ಗ್ರೇಸ್ ಕೊಡಬೇಕು. ಮೋಡಕ್ಕೂ ಮಳೆಗೂ ತಮ್ಮಿಂದ ಆಗುವ ಕೇಡು ಹಳೆಯ ಅನಿಲಗಳಿಗಿಂತ ಬಹಳ ಕಡಿಮೆಯೆಂದು ಪುಸ್ತಿಕೆ ಹೇಳುತ್ತದೆ. ಇಡೀ ಆಕಾಶದ ಮೇಲೆ ಅಷ್ಟು ಕರುಣೆ ಇರುವವರು ಒಬ್ಬಳ ಕಿವಿಯ ತುದಿಯ ಮೇಲೂ ಸ್ವಲ್ಪ ತೋರಿಸಬೇಕು. ಮತ್ತು ಮುಂದಿನ ಸಲ ತಾವು ಯಾವ ಮನೆಗಾದರೂ ಹೋಗುವಾಗ, ಅಲ್ಲಿ ಅಮೋಲ ಊದಿನಕಡ್ಡಿ ತೆಗೆದರೆ ದಶರಥ ಅವರು ಬರುವವರೆಗೂ ದಯವಿಟ್ಟು ಮಲಗಿಯೇ ಇರಬೇಕು. ಈ ಕೊನೆಯದನ್ನು ನಾನು ತಮಾಷೆಗೆ ಬರೆದಿಲ್ಲ.

ಉಳಿದಂತೆ ತಮ್ಮ ತಂಪಿನ ಬಗ್ಗೆ ದೂರಿಲ್ಲ. ಅದು ಚೆನ್ನಾಗಿದೆ. ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಂಕಟವಾಗುತ್ತದೆ, ಅಷ್ಟೆ.

ಕಡ್ಡಿಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿರುವ,
ತಮ್ಮ ವಿಶ್ವಾಸಿ
ದಾನೇಶ್ವರಿ

ಮರೆತ ಮಾತು: ತಮ್ಮಿಂದ ಈವರೆಗೆ ಎಳ್ಳಷ್ಟೂ ಸೋರಿಕೆಯಾಗಿಲ್ಲ, ಅಭಿನಂದನೆಗಳು. ಸೋರಿದ್ದು ನಾನು. ನಿನ್ನೆ ಮಧ್ಯಾಹ್ನ ಮನೆಯವರು ತೋಟಕ್ಕೂ ಅತ್ತೆಯವರು ಬಾಗಿಲು ಹಾಕಿಕೊಂಡು ದೇವರ ಹತ್ತಿರಕ್ಕೂ ಹೋದ ಮೇಲೆ, ತಮ್ಮನ್ನು ಚಾಲೂ ಮಾಡಿ ಚಾಪೆ ಹಾಸಿದ್ದೇ ತಡ, ನನ್ನ ಉರಿ ಬಂತು. ಸೆರಗು ಜಾರಿಸಿ, ತಮ್ಮ ಗಾಳಿಗೆ ಮುಖವೊಡ್ಡಿ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಮುಂಬಾಗಿಲು ತೆರೆಯಿತು. ತಾರವ್ವ, ಬಗಲಲ್ಲಿ ಒಂದು ತಲೆದಿಂಬು. ಕೆಂಪೇರಿದ ನನ್ನ ಕಿವಿಗಳನ್ನು ನೋಡಿದಳು, ಗೋಡೆಯ ಮೇಲಿನ ತಮ್ಮನ್ನು ನೋಡಿದಳು. ಇವತ್ತು ಬಿಸಿಲು ಬಹಳ ಎಂದು ನಾನು ಶುರು ಮಾಡಿದೆ. ಅವಳು ಹೊಸ್ತಿಲ ಮೇಲೆ ನಿಂತೇ ಅಂದಳು: “ಬಿಸಲಂತ ಬಿಸಲ. ನಿನಗೊಬ್ಬಾಕಿಗೇ ಹತ್ತೈತೇನ ಬೇ ಈ ಉರಿ? ನನಗ ಎರಡ ವರ್ಷಾತು, ಎಮ್ಮಿ ಮುಂದ ಹೇಳ್ಕೊಂತ ಕುಂತೇನಿ. ಅತ್ತಾಗ ಸರದ ನನಗೂ ಜಾಗಾ ಬಿಡ.”