ಅವಸರ ಚಿಕಿತ್ಸೆಯೂ ನನ್ನ ಕನ್ನಡವೂ

"ನಿಮಗೆ ಇದು ಬರುತ್ತದಲ್ಲವೇ?" ಎಂದು ಯಾರಾದರೂ ಕೇಳಿದಾಗ "ಬರುವುದಿಲ್ಲ" ಎನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ವಯಸ್ಸಾದವರಿಗಂತೂ ಇರುವುದೇ ಇಲ್ಲ. ಹುಡುಗರಾದರೆ ಫೋನು ನೋಡಿ ಹೇಳುತ್ತೇವೆ ಎಂದು ಜಾರಿಕೊಳ್ಳುತ್ತಾರೆ. ನಮ್ಮಂಥವರಿಗೆ, ಈ ವಯಸ್ಸಿನಲ್ಲಿ ನಮ್ಮನ್ನೂ ಒಬ್ಬರು ಏನನ್ನೋ ಕೇಳಿದರಲ್ಲ ಎಂಬ ಸಂತೋಷಕ್ಕೇ ತಲೆ ತಾನಾಗಿ ಹೂಂ ಎಂದು ಆಡಿಬಿಡುತ್ತದೆ. ನನ್ನ ತಲೆ ಹಾಗೆ ಆಡಿದ್ದರಿಂದ ಒಬ್ಬ ಹೆಣ್ಣುಮಗಳ ಪ್ರಾಣಕ್ಕೇ ಸಂಚಕಾರ ಬರುವುದಿತ್ತು. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಹೇಳಹೊರಟರೆ ನಗು ತಡೆಯುವುದಿಲ್ಲ. ತಪ್ಪೊಪ್ಪಿಕೊಳ್ಳುವವನು ಹೀಗೆ ನಗಬಾರದು ಎಂದು ನನ್ನ ಹೆಂಡತಿ ಜಯಮ್ಮ ಗದರುತ್ತಾಳೆ. ಪೂರ್ತಿ ಕೇಳಿ, ನೀವೇ ತೀರ್ಮಾನಿಸಿ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಗಾರರ ಹಾಜರಿ ನೋಡಿಕೊಂಡಿದ್ದು ನಿವೃತ್ತನಾದವನು. ಮನೆ ಪಲ್ಲಡಂ ರಸ್ತೆಯಲ್ಲಿ. ನಮ್ಮದು ನೇಯ್ಗೆಯವರ ಮನೆತನ. ನಮ್ಮ ಹಿರಿಯರು ಯಾವ ಕಾಲದಲ್ಲಿ ಘಟ್ಟ ಇಳಿದು ಈ ಸೀಮೆಗೆ ಬಂದರೋ ಹೇಳುವವರಿಲ್ಲ. ಆದರೆ ಕನ್ನಡವನ್ನು ಮಾತ್ರ ಮನೆಯಲ್ಲಿ ಬಿಟ್ಟಿಲ್ಲ. ಹೊಸಿಲು ದಾಟಿದರೆ ತಮಿಳು, ಒಳಗೆ ಕಾಲಿಟ್ಟರೆ ಕನ್ನಡ. ನಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕೂತೇ ನಮ್ಮ ಬಾಯಿಯನ್ನು ಕಾಯುತ್ತಿದ್ದರು. ಬೀದಿಯಲ್ಲಿ ಆಡಿ ಬಂದು "ಅಮ್ಮಾ, ತಣ್ಣಿ" ಎಂದರೆ, ಅದನ್ನು "ನೀರು" ಎಂದು ತಿದ್ದುವ ತನಕ ಚೊಂಬು ಕೈಗೆ ಬರುತ್ತಿರಲಿಲ್ಲ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಹೈಸ್ಕೂಲಿನವರೆಗೆ. ಕನ್ನಡ ಅಕ್ಷರ ಕಲಿಸಿದವಳು ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ಜಯಮ್ಮ. ನೀವೀಗ ಓದುತ್ತಿರುವುದನ್ನೂ ಅವಳೇ ತಿದ್ದಿದ್ದಾಳೆ. ಆದ್ದರಿಂದ ಇಲ್ಲಿನ ಕನ್ನಡ ನೋಡಿ ಮೋಸಹೋಗಬೇಡಿ. ನನ್ನ ಬಾಯಿಯ ಕನ್ನಡ ಬೇರೆ ಜಾತಿಯದು. ಅದು ಕನ್ನಡದ ಅಂಗಿ ತೊಟ್ಟ ತಮಿಳು ಎಂದು ಜಯಮ್ಮ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನಾನು ನಂಬಿರಲಿಲ್ಲ.

ಮೊನ್ನೆ ಮೊನ್ನೆ ನಮ್ಮ ಹಳೆಯ ಕಂಪನಿಗೆ ಚಾಮರಾಜನಗರದ ಕಡೆಯಿಂದ ಒಂದು ಬಸ್ಸು ತುಂಬ ಕೆಲಸದವರು ಬಂದಿಳಿದರು. ಹೆಚ್ಚಿನವರು ಹೆಂಗಸರು. ಹೊಲಿಗೆಗೆ, ಮಡಿಸುವುದಕ್ಕೆ, ಇಸ್ತ್ರಿಗೆ ಎಂದು ಹಂಚಿದರು. ಅವರಿಗೆಲ್ಲ ವಿಮೆ ಕಾರ್ಡು ಕೊಟ್ಟಿದ್ದರು. ತಿಂಗಳ ಸಂಬಳದಲ್ಲಿ ಅದಕ್ಕೆಂದು ಸ್ವಲ್ಪ ಹಿಡಿಯುತ್ತಾರೆ. ಕಾಯಿಲೆಯಾದರೆ ಔಷಧಿ, ಆಪರೇಷನ್ನು, ರಜೆಯಲ್ಲಿದ್ದಾಗ ಅರ್ಧಕ್ಕಿಂತ ಹೆಚ್ಚು ಸಂಬಳ, ಹೆರಿಗೆ ಖರ್ಚು ಎಲ್ಲ ಅದರಿಂದಲೇ. ಆದರೆ ಹಿಡಿಯುವುದು ಮಾತ್ರ ಅವರ ಕಣ್ಣಿಗೆ ಬಿದ್ದಿತ್ತು, ಕೊಡುವುದು ಗೊತ್ತಿರಲಿಲ್ಲ. ಸಿಬ್ಬಂದಿ ವಿಭಾಗದ ಕವಿತಾ ತಮಿಳಿನಲ್ಲಿ ಹೇಳಿ ಹೇಳಿ ಸೋತು ಕಡೆಗೆ ನನಗೆ ಫೋನು ಮಾಡಿದಳು. "ಐಯಾ, ನಿಮಗೆ ಕನ್ನಡ ಬರುತ್ತಲ್ಲ?"

ಬರುತ್ತಲ್ಲ! ಆ ಒಂದು ಮಾತಿಗೆ ನನ್ನ ಮೊಣಕಾಲು ನೋವು ಎತ್ತ ಹೋಯಿತೋ. ಜೀವಮಾನವೆಲ್ಲ ಹೊಸಿಲಿನ ಒಳಗಿದ್ದ ನನ್ನ ಕನ್ನಡಕ್ಕೆ ಮೊದಲ ಬಾರಿ ಮೈಕು ಸಿಗಲಿತ್ತು. "ಏನಮ್ಮ ಹೀಗೆ ಕೇಳ್ತೀಯ, ತಲೆತಲಾಂತರದಿಂದ ನಾವು ಕನ್ನಡದವರು!" ಎಂದೆ. ಜಯಮ್ಮ ಒಳಗಿನಿಂದ, "ಏನು ಹೇಳಬೇಕು ಅಂತ ನನ್ನ ಹತ್ತಿರ ಒಂದ್ಸಲ ಒಪ್ಪಿಸಿ ಹೋಗ್ರಿ" ಎಂದಳು. ಮೈಕಿನ ಮುಂದೆ ನಿಲ್ಲುವವನು ಅಡಿಗೆಮನೆಯಲ್ಲಿ ಪಾಠ ಒಪ್ಪಿಸುವುದೇ? ಪಲ್ಲಡಂ ಆಚೆ ನನ್ನ ಭಾವಮೈದುನನ ಕೋಳಿ ಫಾರಂ ಇದೆ. ಅಲ್ಲಿಗೆ ಮೊಪೆಡ್ ಓಡಿಸಿಕೊಂಡು ಹೋಗಿ ಕೋಳಿಗಳ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಎಂಥ ಸಭೆ! ಕತ್ತು ಓರೆ ಮಾಡಿ ಮಾಡಿ ಕೇಳಿದವು. ಒಂದಾದರೂ ಎದ್ದು ಹೋಗಲಿಲ್ಲ; ಪಂಜರದಲ್ಲಿದ್ದವು ಎಂಬುದು ಬೇರೆ ಮಾತು.

ಮಾರನೆಯ ದಿನ ಚಹದ ಹೊತ್ತಿಗೆ ಕ್ಯಾಂಟೀನಿನಲ್ಲಿ ನನ್ನ ಭಾಷಣ. ಒಗೆದ ಬಿಳಿ ಪಂಚೆ ಉಟ್ಟಿದ್ದೆ. "ಎಲ್ಲಾರೂ ಒಳ್ಳೆಯಾಗಿ ಕೇಳ್ಕಳ್ರಿ!" ಎಂದು ಶುರುಮಾಡಿದೆ. "ಈ ಕಾರ್ಡು ಇದ್ದರೆ ನಿಮಗೆಲ್ಲ ಆಸ್ಪತ್ರೆ ವಸತಿ ಉಂಟು! ಒಬ್ಬರಿಗಲ್ಲ, ಇಬ್ಬರಿಗಲ್ಲ, ಎಲ್ಲಾರಿಗೂ ಆಸ್ಪತ್ರೆ ವಸತಿ! ಜಾಸ್ತಿ ನೋವಾದರೆ ಭಯವೇ ಬೇಡ, ಹೋದ ಕೂಡಲೇ ಅವಸರ ಚಿಕಿತ್ಸೆ! ಹಗಲಾದರೂ ಅವಸರ ಚಿಕಿತ್ಸೆ, ಇರುಳಾದರೂ ಅವಸರ ಚಿಕಿತ್ಸೆ! ನಿಮಗೆ ಮಾತ್ರವಲ್ಲ, ನಿಮ್ಮ ಸಂಸಾರಕ್ಕೂ ಉಂಟು!" ಜನ ಬಾಯಿಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನ್ನ ಮಾತಿಗೆ ಇಷ್ಟು ಶಕ್ತಿಯಿದೆಯೇ ಎಂದು ನನಗೇ ರೋಮಾಂಚನವಾಯಿತು. ಇಸ್ತ್ರಿ ಮಾಡುವ ಒಬ್ಬ ಎದ್ದು, "ತಾತ, ಊಟಾನೂ ಅವ್ರದ್ದೇನಾ?" ಎಂದು ಕೇಳಿದ. "ಆಸ್ಪತ್ರೆಯಲ್ಲಿ ಮಲಗಿದರೆ ಊಟವೂ ಅವರದ್ದೇ!" ಎಂದೆ ಹೆಮ್ಮೆಯಿಂದ. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ಕಾರ್ಡನ್ನು ಮೆಲ್ಲಗೆ ಜೇಬಿನ ತಳಕ್ಕೆ ಇಳಿಸಿದ. ಚಪ್ಪಾಳೆಯೇನೋ ಬಿತ್ತು. ಮನೆಗೆ ಬಂದು ಜಯಮ್ಮನಿಗೆ, "ಜನ ಮಂತ್ರ ಹಾಕಿದ ಹಾಗೆ ಕೂತಿದ್ದರು" ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿ ಕಾಫಿ ಕೊಟ್ಟಳು.

ಆಮೇಲೆ ಕವಿತಾ ಸಿಕ್ಕಾಗಲೆಲ್ಲ ಒಂದೇ ದೂರು: ಕಾರ್ಡು ಹಿಡಿದು ಡಾಕ್ಟರ ಬಳಿಗೆ ಒಬ್ಬರೂ ಹೋಗುತ್ತಿಲ್ಲ, ಜ್ವರ ಬಂದರೂ ಮುಚ್ಚಿಟ್ಟುಕೊಳ್ಳುತ್ತಾರೆ. ಒಳ್ಳೆಯ ಆರೋಗ್ಯದ ಜನ, ನಮ್ಮ ಕನ್ನಡದವರು, ಎಂದು ನಾನು ಬೀಗಿದೆ.

ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದಾಗ ಅವಳದೇ ಫೋನು ಬಂತು. ಮಾದೇವಿ ಎಂಬ ಹೊಲಿಗೆಯ ಹೆಂಗಸಿಗೆ ಹಿಂದಿನ ದಿನದಿಂದ ಹೊಟ್ಟೆನೋವು, ಈಗ ನಿಲ್ಲಲೂ ಆಗುತ್ತಿಲ್ಲ. ವ್ಯಾನು ಬಂದು ನಿಂತಿದೆ. ಆದರೆ ಅವಳು ಆಸ್ಪತ್ರೆಗೆ ಬರುವುದೇ ಇಲ್ಲ ಎಂದು ಕಂಬ ತಬ್ಬಿಕೊಂಡು ಕೂತಿದ್ದಾಳೆ. "ನೀವು ಹೇಳಿದರೆ ಕೇಳುತ್ತಾಳೆ, ಐಯಾ" ಎಂದಳು ಕವಿತಾ. ಕೇಳದೆ ಏನು! ಕೈ ತೊಳೆದೆನೋ ಇಲ್ಲವೋ, ಮೊಪೆಡ್ ಹತ್ತಿದೆ. ದಾರಿಯುದ್ದಕ್ಕೂ ಬಸ್ಸುಗಳಿಗೇ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸಿದೆ.

ಮಾದೇವಿ ಕಂಪನಿಯ ಹಾಸ್ಟೆಲಿನ ಜಗಲಿಯಲ್ಲಿ ಮುದುರಿ ಕೂತಿದ್ದಳು. ಮುಖ ಬೆವರಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಅವಳ ಸೆರಗು ಹಿಡಿದು ಅಳುತ್ತಿದ್ದವಳು ಅವಳ ತಂಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ನಾನು ಕೂತುಕೊಂಡು, ನನ್ನ ಅತ್ಯಂತ ಮೃದುವಾದ ಕನ್ನಡದಲ್ಲಿ, "ಯಾಕಮ್ಮ ಹೆದರ್ತೀಯ? ಅಲ್ಲಿ ನಿನಗೆ ಸಾಧಾರಣ ಚಿಕಿತ್ಸೆ ಅಲ್ಲ, ಅವಸರ ಚಿಕಿತ್ಸೆ ಮಾಡ್ತಾರೆ!" ಎಂದೆ.

ಅವಳು ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಅದ್ಕೇ ಬ್ಯಾಡ ಅಂತಿರದು ತಾತ! ವಸಿ ನಿಧಾನ್ವಾಗಿ ನೋಡೋ ಡಾಕ್ಟ್ರು ಯಾರೂ ಇಲ್ವಾ?"

ನೋವಿಗೆ ಬುದ್ಧಿ ಮಂಕಾಗಿದೆ ಎಂದುಕೊಂಡೆ. "ನಿಧಾನ ಮಾಡಿದರೆ ಜೀವಕ್ಕೇ ಅಪಾಯ. ಇದೋ ನೋಡು, ವ್ಯಾನು ಇದೆ, ಕಾರ್ಡು ಇದೆ, ಆಸ್ಪತ್ರೆ ವಸತಿ ಇದೆ..."

"ವಸತಿನೂ ಬ್ಯಾಡ, ಏನೂ ಬ್ಯಾಡ! ನನ್ನ ಅಲ್ಲೇ ಮಡಿಕಂಡ್ರೆ ಈ ಮಗಿಗೆ ಯಾರವ್ರೆ? ನಮ್ಮವ್ವಂಗೆ ಏನೇಳನ?" ಎಂದು ತಂಗಿಯನ್ನು ತಬ್ಬಿಕೊಂಡು ಅತ್ತಳು.

ಕವಿತಾ ನನ್ನನ್ನು, ನಾನು ಅವಳನ್ನು ನೋಡಿದೆವು. ನಾನು ಒಂದೊಂದು ಮಾತು ಆಡಿದಂತೆಲ್ಲ ಮಾದೇವಿ ಆಸ್ಪತ್ರೆಯಿಂದ ಒಂದೊಂದು ಮೈಲಿ ದೂರ ಹೋಗುತ್ತಿದ್ದಳು. ಹೆಂಗಸರ ಮಾತು ಹೆಂಗಸರಿಗೇ ತಿಳಿದೀತು ಎಂದು ಜಯಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಯಾವೂರವ್ವ ನಿಂದು?" ಎಂದಳು ಜಯಮ್ಮ.

"ಹನೂರ್ ತಾವ ಕಣಕ್ಕ" ಎಂದಳು ಮಾದೇವಿ, ಅಳು ನಿಲ್ಲಿಸಿ.

"ಯಾಕವ್ವ ಹೋಗಲ್ಲ ಅಂತೀಯ?"

"ಅವಸರ್ದಲ್ಲಿ ಹೊಟ್ಟೆ ಕುಯ್ದ್ಬುಡ್ತಾರಂತಲ್ಲ ಅಕ್ಕ. ಇನ್ಯಾವ್ದೋ ಕುಯ್ದ್ಬುಟ್ರೆ? ಮ್ಯಾಲೆ ಆಸ್ಪತ್ರೇಲೇ ಮನೆ ಕೊಟ್ಟು ಅಲ್ಲೇ ಇರುಸ್ಕತಾರಂತೆ. ತಾತೋರೇ ಮೈಕಲ್ಲಿ ಯೋಳಿದ್ರು."

ಫೋನಿನ ಆಚೆಯಿಂದ "ರೀ, ನೀವು ಅಲ್ಲೇ ಇದೀರಾ?" ಎಂಬ ಧ್ವನಿ ಬಂತು. ಆ ಧ್ವನಿ ನನಗೆ ಗೊತ್ತು. "ನೀವು ಸ್ವಲ್ಪ ಆಚೆ ಹೋಗಿ ನಿಂತ್ಕೊಳ್ಳಿ" ಎಂದಳು. ಜಗಲಿ ಇಳಿದು ನಿಂತೆ. ಅಲ್ಲಿಗೂ ಎಲ್ಲವೂ ಕೇಳಿಸುತ್ತಿತ್ತು.

"ಅವಸರ ಅಲ್ಲ ಕಣವ್ವ, ತುರ್ತು! ತಮಿಳಲ್ಲಿ ತುರ್ತಿಗೆ ಅವಸರ ಅಂತಾರೆ. ಬೇರೆಯವರನ್ನ ಕಾಯಿಸಿ ಮೊದಲು ನಿನ್ನ ನೋಡ್ತಾರೆ ಅಂತ ಅರ್ಥ. ವಸತಿ ಅಂದ್ರೂ ತಮಿಳಲ್ಲಿ ಅನುಕೂಲ ಅಂತ, ಅಲ್ಲೇ ಇರೋದಲ್ಲ. ವಾಸಿ ಆದ್ಮೇಲೆ ನೀನೇ ಇರ್ತೀನಿ ಅಂದ್ರೂ ಓಡಿಸ್ತಾರೆ. ನಿನ್ನ ತಂಗೀನ ನಮ್ಮನೇಗೆ ಕಳ್ಸು, ನನ್ನ ಪಕ್ಕದಲ್ಲೇ ಮಲಗಿಸ್ಕೋತೀನಿ. ಆ ಮನುಷ್ಯ ಹೇಳಿದ್ದನ್ನ ಮರೆತುಬಿಡು, ಮೊದಲು ವ್ಯಾನು ಹತ್ತು."

ಮಾದೇವಿ ಕಂಬ ಬಿಟ್ಟಳು. ಅದೇ ದಿನ ಮಧ್ಯಾಹ್ನ ಅಪೆಂಡಿಕ್ಸ್ ಆಪರೇಷನ್ ಆಯಿತು. ಇನ್ನೂ ತಡಮಾಡಿದ್ದರೆ ಒಡೆದು ಹೊಟ್ಟೆಯೆಲ್ಲ ನಂಜಾಗುತ್ತಿತ್ತು ಎಂದು ಡಾಕ್ಟರು ಕವಿತಾಳಿಗೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ತಮಿಳಿನಲ್ಲಿ 'ಅವಸರ ಚಿಕಿತ್ಸೆ' ಎಂದೇ ಬರೆದಿತ್ತು. ಅದರ ಕೆಳಗಿನ ಬೆಂಚಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ಹೊತ್ತು ಹೊತ್ತಿಗೆ ಉಂಡು ಮಲಗಿ, ಇರುವ ಅಲ್ಪಸ್ವಲ್ಪ ಮರ್ಯಾದೆ ಉಳಿಸಿಕೊಂಡು ಹೋಗಬೇಕಾದ ವಯಸ್ಸು. ಮೈಕಿನ ಆಸೆಗೆ ಒಂದು ಬಸ್ಸು ಜನರನ್ನು ಡಾಕ್ಟರಿಗೆ ಹೆದರುವ ಹಾಗೆ ಮಾಡಿದ್ದೆ. ಮನೆಯಲ್ಲಿ ಒಂದು ಸಲ ಒಪ್ಪಿಸಿದ್ದರೆ ಸಾಕಿತ್ತು. ಕೋಳಿಗಳು ತಿದ್ದುತ್ತವೆಯೇ? ದೇವರೇ, ಈ ಹುಡುಗಿಯನ್ನು ಉಳಿಸಿಕೊಡು, ಇನ್ನು ಬಾಯಿ ತೆರೆಯುವುದಿಲ್ಲ ಎಂದೆ. ದೇವರು ತನ್ನ ಪಾಲಿನದು ಮಾಡಿದ. ನನ್ನ ಪಾಲಿನದು ಅಷ್ಟು ಸುಲಭವಿರಲಿಲ್ಲ.

ಆ ವಾರವೇ ಮತ್ತೆ ಸಭೆ ಕರೆದರು. ಈ ಸಲ ಮೈಕು ಜಯಮ್ಮನ ಕೈಯಲ್ಲಿ, ಅದರ ವೈರು ನನ್ನ ಕೈಯಲ್ಲಿ. ಯಾರ ಕಾಲಿಗೂ ಸಿಕ್ಕದಂತೆ ಎತ್ತಿ ಹಿಡಿಯುವುದು ನನಗೆ ವಹಿಸಿದ ಕೆಲಸ. ಎಂಥ ಭಾಷಣ, ಏನು ಹೇಳಲಿ! ಬಿಕ್ಕುವಷ್ಟು ನಗಿಸಿದಳು. ಜ್ವರಕ್ಕೆ ಎಲ್ಲಿಗೆ, ತುರ್ತಿಗೆ ಎಲ್ಲಿಗೆ, ರಜೆಯ ಸಂಬಳಕ್ಕೆ ಡಾಕ್ಟರ ಚೀಟಿ ಯಾಕೆ ಬೇಕು, ಒಂದೂ ಬಿಡಲಿಲ್ಲ. "ನಮ್ಮೆಜಮಾನರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸರಿ" ಎಂದಳು. "ಸಂಸಾರಕ್ಕೂ ಉಂಟು ಅಂದಿದ್ದರಲ್ಲ, ಅದು." ಅದನ್ನೂ ನಾನು ಒಪ್ಪಿಕೊಳ್ಳಬೇಕು. ತಮಿಳಿನಲ್ಲಿ ಸಂಸಾರವೆಂದರೆ ಹೆಂಡತಿ. ಎದುರಿಗೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ ಎಂಬುದನ್ನೂ ನೋಡದೆ ನಿಮ್ಮ ಹೆಂಡತಿಯರಿಗೂ ಉಂಟು ಎಂದಿದ್ದೆ ನಾನು. ಅವರು ಮನೆಮಂದಿಗೆಲ್ಲ ಎಂದು ಸರಿಯಾಗಿಯೇ ತಿಳಿದುಕೊಂಡಿದ್ದರು. ಸಭೆ ಮುಗಿಯುವುದೇ ತಡ, ಇಸ್ತ್ರಿಯವನು ಎಲ್ಲರಿಗಿಂತ ಮೊದಲು ಕಾರ್ಡು ಹಿಡಿದು ಬಂದು, "ಅಕ್ಕ, ನನ್ನ ಕೆಮ್ಮಿಗೆ ಎಲ್ಲಿ ತೋರುಸ್ಲಿ?" ಎಂದ. ಅಬ್ಬ, ಅವನ ಕೆಮ್ಮು ಆವತ್ತು ನನ್ನ ಕಿವಿಗೆ ಎಷ್ಟು ಇಂಪಾಗಿತ್ತು!

ಮಾದೇವಿ ಗುಣವಾಗಿ, ರಜೆಯ ಸಂಬಳವೂ ಕೈಸೇರಿದ ಮೇಲೆ, ತಂಗಿಯನ್ನು ಕರೆದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಮುಖದಲ್ಲಿ ರಕ್ತ ತುಂಬಿತ್ತು. ನಾನು ಬಾಯಿ ಬಿಗಿಹಿಡಿದು ಕೈಮುಗಿದೆ. ಹೇಳಬೇಕೆಂದಿದ್ದ ಕ್ಷಮೆ ಎಲ್ಲಿ ಇನ್ನೊಂದು ಭಾಷೆಗೆ ಜಾರುತ್ತದೋ ಎಂಬ ಭಯ. "ನನ್ನಿಂದ ನಿನಗೆ ಕಷ್ಟವಾಯಿತಮ್ಮ" ಎಂದು ಒಂದೊಂದೇ ಶಬ್ದವನ್ನು ಕಾಲಿಟ್ಟು ನೋಡಿ ಹೇಳಿದೆ.

"ಅಯ್ಯ, ಬುಡಿ ತಾತ" ಎಂದು ಅವಳು ನಕ್ಕಳು. ಆಮೇಲೆ ಅಡಿಗೆಮನೆಯಲ್ಲಿದ್ದ ಜಯಮ್ಮನ ಕಡೆ ತಿರುಗಿ, ನನಗೂ ಕೇಳುವ ಹಾಗೆ, ತುಂಬು ಮನಸ್ಸಿನಿಂದ ಹೇಳಿದಳು: "ಆದ್ರೂ ಮೆಚ್ಕಬೇಕು ಕಣಕ್ಕ. ತಮಿಳ್ನೋರಾಗಿ ಈ ವಯಸ್ಸಲ್ಲಿ ಇಷ್ಟು ಕನ್ನಡ ಕಲ್ತವ್ರೆ ಅಂದ್ರೆ ಸುಮ್ನೆ ಮಾತಾ?"

ಅಡಿಗೆಮನೆಯಲ್ಲಿ ಜಯಮ್ಮನ ಕೈಯಿಂದ ಲೋಟ ಬಿದ್ದ ಸದ್ದಾಯಿತು. ನಮ್ಮಪ್ಪನನ್ನೂ ಅವರಪ್ಪನನ್ನೂ ಮನಸ್ಸಿನಲ್ಲೇ ನೆನೆದುಕೊಂಡೆ.

"ಇನ್ನೂ ಕಲೀತಾ ಇದೀನಮ್ಮ" ಎಂದೆ.